ಕಡಲ ದಡದ ಊರಿಗೆ ಹೋಗಿ ನೆಲೆಸಬೇಕೇ? ಮನೆ ಹುಡುಕುವ ಮೊದಲು ಮುಗಿಸಬೇಕಾದ ಎಂಟು ಹಂತಗಳು

ಗದ್ದಲ ಬಿಟ್ಟು ಕಡಲ ದಡದ ಸಣ್ಣ ಊರಿಗೆ ಹೋಗಿ ಇರಬೇಕು ಅಂತ ಆಸೆಪಡುವವರು ಬಹಳ ಜನ. ಧೈರ್ಯ ಮಾಡಿ ಹೋದವರೂ ಇದ್ದಾರೆ. ಅವರಲ್ಲಿ ಒಂದೆರಡು ವರ್ಷಕ್ಕೇ ಕೈ ಸುಟ್ಟುಕೊಂಡು ವಾಪಸು ಬಂದವರನ್ನು ಮಾತಾಡಿಸಿ ನೋಡಿ. ಕಥೆ ಬೇರೆ ಬೇರೆ ಇರುತ್ತದೆ, ಶುರುವಾಗುವ ಜಾಗ ಮಾತ್ರ ಒಂದೇ: ಮೊದಲು ಒಂದು ಮನೆ ಇಷ್ಟವಾಯಿತು, ಆಮೇಲೆ ಉಳಿದದ್ದನ್ನೆಲ್ಲ ಆ ಮನೆಗೆ ಹೊಂದಿಸಲು ಹೊರಟರು.

ನಾನೂ ಹಾಗೇ ಮಾಡಿದ್ದೆ. ಮಹಡಿಯ ಕಿಟಕಿ ತೆಗೆದರೆ ನೀರು ಕಾಣುತ್ತಿತ್ತು. ಅದೇ ಸಂಜೆ ಮುಂಗಡ ಕೊಟ್ಟುಬಿಟ್ಟೆ. ದೊಡ್ಡ ಆಸ್ಪತ್ರೆ ಎಷ್ಟು ದೂರ ಅಂತ ಕೇಳಿದ್ದು ಹನ್ನೊಂದು ದಿನ ಆದ ಮೇಲೆ. ನನ್ನ ಜೊತೆಗಿದ್ದದ್ದು ಹೃದಯದ ತೊಂದರೆ ಇರುವ ಅಮ್ಮ. ಉತ್ತರ ಕೇಳಿದ ಮೇಲೆ ಹೋಗುವಂತಿರಲಿಲ್ಲ, ಮುಂಗಡ ಕೈಬಿಟ್ಟಿತು. ಆ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಒಂದು ಫೋನ್ ಕರೆಯಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಖರ್ಚಿಲ್ಲದೆ, ಕುಳಿತಲ್ಲೇ ಉತ್ತರ ಸಿಗುವ ಪ್ರಶ್ನೆಗಳು ಮೊದಲು. ಹೋಗಿ ಇದ್ದು ನೋಡಬೇಕಾದವು ಆಮೇಲೆ. ಮನೆ ಕೊನೆಗೆ. ಕೊನೆಯ ಹಂತದ ಬಾಡಿಗೆ ವರ್ಷ ಬಿಟ್ಟು, ಉಳಿದ ಕೆಲಸಕ್ಕೆ ಆರು ತಿಂಗಳಿಂದ ಒಂದು ವರ್ಷ ಇಟ್ಟುಕೊಳ್ಳಿ. ಕಡಲೂರಿನ ಎಲ್ಲ ಕಾಲವನ್ನೂ ನೋಡಲು ಅಷ್ಟು ಬೇಕೇ ಬೇಕು.

## ಕೈಯಲ್ಲಿ ಇರಬೇಕಾದ ಸಾಮಾನು

ದೊಡ್ಡದೇನೂ ಬೇಡ. ಒಂದು ನೋಟ್‌ಬುಕ್. ಗಾಳಿಯ ತೇವ ತೋರಿಸುವ ಸಣ್ಣ ಹೈಗ್ರೋಮೀಟರ್. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್. ಗ್ಯಾಲ್ವನೈಸ್ ಮಾಡದ, ಅಂದರೆ ಸತುವಿನ ಲೇಪ ಇಲ್ಲದ, ನಾಲ್ಕಾರು ಕಬ್ಬಿಣದ ಮೊಳೆ. ಆ ಊರಿನ ಉಬ್ಬರ ಇಳಿತದ ವೇಳಾಪಟ್ಟಿ. ಸಮುದ್ರ ಮಟ್ಟದಿಂದ ಜಾಗದ ಎತ್ತರ ತೋರಿಸುವ ನಕ್ಷೆ, ಫೋನಿನಲ್ಲಿದ್ದರೂ ಸಾಕು. ಇವುಗಳ ಜೊತೆಗೆ ಕಳೆದ ಹನ್ನೆರಡು ತಿಂಗಳ ನಿಮ್ಮ ಮನೆ ಖರ್ಚಿನ ಲೆಕ್ಕ. ಲೆಕ್ಕ ಬರೆದಿಡುವ ಅಭ್ಯಾಸ ಇಲ್ಲದಿದ್ದರೆ ಬ್ಯಾಂಕಿನ ಪಾಸ್‌ಬುಕ್ ತೆಗೆದು ಇವತ್ತೇ ಶುರು ಮಾಡಿ.

## ಹಂತ 1: ಒಂದು ಮಂಗಳವಾರ ಬರೆಯಿರಿ

ಕಡಲೂರಿನ ಜೀವನ ಅಂದ ಕೂಡಲೇ ಮನಸ್ಸಿಗೆ ಬರುವುದು ಸಂಜೆ. ಸೂರ್ಯ, ಮರಳು, ತಂಪು ಗಾಳಿ. ಅದು ದಿನದಲ್ಲಿ ಒಂದು ಗಂಟೆ. ಉಳಿದ ಇಪ್ಪತ್ಮೂರು ಗಂಟೆ ಹೇಗಿರುತ್ತದೆ ಅಂತ ಬರೆಯಲು ಕೂತರೆ ಕೈ ನಿಂತುಬಿಡುತ್ತದೆ.

ಒಂದು ಹಾಳೆ ತೆಗೆದುಕೊಳ್ಳಿ. ಅಲ್ಲಿಗೆ ಹೋಗಿ ಎಂಟು ತಿಂಗಳಾಗಿದೆ, ಇವತ್ತು ಮಂಗಳವಾರ ಅಂದುಕೊಳ್ಳಿ. ಎದ್ದದ್ದು ಎಷ್ಟು ಹೊತ್ತಿಗೆ, ಏನು ಕೆಲಸ ಮಾಡಿದಿರಿ, ಯಾರ ಜೊತೆ ಮಾತಾಡಿದಿರಿ, ಮಧ್ಯಾಹ್ನ ಎರಡರಿಂದ ಐದರವರೆಗೆ ಏನು ಮಾಡಿದಿರಿ, ರಾತ್ರಿ ಎಂಟರ ಮೇಲೆ ಏನು. ಗಂಟೆ ಗಂಟೆಗೆ ಬರೆಯಿರಿ. ಜೊತೆಗೆ ಬರುವವರು ಇದ್ದರೆ ಅವರೂ ಬೇರೆ ಹಾಳೆಯಲ್ಲಿ, ನಿಮ್ಮದನ್ನು ನೋಡದೆ ಬರೆಯಲಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮನಸ್ಸು ಈ ವಿಷಯದಲ್ಲಿ ತಪ್ಪುವುದು ಖಚಿತ. 1998ರಲ್ಲಿ ಸಂಶೋಧಕರಾದ ಡೇವಿಡ್ ಷ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅಮೆರಿಕದ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಮಾಡಿದರು. ಒಳನಾಡಿನ ಮಿಡ್‌ವೆಸ್ಟ್‌ನವರು ಮತ್ತು ಹವೆ ಚೆನ್ನಾಗಿರುವ ಕ್ಯಾಲಿಫೋರ್ನಿಯಾದವರು, ಇಬ್ಬರನ್ನೂ ಕೇಳಿದರು. ಕ್ಯಾಲಿಫೋರ್ನಿಯಾದವರೇ ಜಾಸ್ತಿ ಸುಖವಾಗಿರುತ್ತಾರೆ ಅಂತ ಎರಡೂ ಕಡೆಯವರು ಊಹಿಸಿದರು. ತಮ್ಮ ತಮ್ಮ ಜೀವನದ ಬಗ್ಗೆ ಹೇಳಿಕೊಂಡ ತೃಪ್ತಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಊರು ಬದಲಿಸುವ ಯೋಚನೆಯಲ್ಲಿರುವಾಗ ಹವೆ, ನೋಟ ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ. ಬದುಕಲು ಶುರು ಮಾಡಿದ ಮೇಲೆ ಕೆಲಸ, ಆರೋಗ್ಯ, ಜೊತೆಗಿರುವವರು ಮತ್ತೆ ಮುಂದೆ ಬರುತ್ತಾರೆ.

ಹಾಳೆಯ ಹಿಂದೆ ಈಗ ನಿಮ್ಮನ್ನು ಕಾಡುತ್ತಿರುವ ಮೂರು ವಿಷಯ ಬರೆಯಿರಿ. ಪ್ರತಿಯೊಂದರ ಮುಂದೆ, ಊರು ಬದಲಾದರೆ ಅದು ನಿಜವಾಗಿ ಕಡಿಮೆಯಾಗುತ್ತದೆಯೇ ಅಂತ ಕೇಳಿಕೊಳ್ಳಿ. ಟ್ರಾಫಿಕ್, ಶಬ್ದ, ಹೊಗೆ, ಬಾಡಿಗೆ: ಇವು ಕಡಿಮೆಯಾಗಬಹುದು. ಕೆಲಸದ ಬೇಸರ, ಮನೆಯೊಳಗಿನ ಜಗಳ, ನಿದ್ದೆ ಬಾರದ ಚಿಂತೆ ನಿಮ್ಮ ಜೊತೆಗೇ ಬರುತ್ತವೆ.

ಎಚ್ಚರಿಕೆಯ ಗುರುತು: ಬರೆದದ್ದರಲ್ಲಿ ಹೆಚ್ಚಿನ ಸಾಲು "ಇಲ್ಲಿ ಇದು ಸರಿ ಇಲ್ಲ" ಅಂತಲೇ ಶುರುವಾಗಿದ್ದರೆ, ನಿಮಗೆ ಬೇಕಾಗಿರುವುದು ಒಂದು ದೊಡ್ಡ ರಜೆ ಇರಬಹುದು. ಅಥವಾ ಬೇರೆ ಕೆಲಸ. ಎರಡು ತಿಂಗಳು ಬಿಟ್ಟು ಮತ್ತೆ ಬರೆಯಿರಿ.

## ಹಂತ 2: ಮೊದಲು ಆಸ್ಪತ್ರೆ, ಆಮೇಲೆ ಆದಾಯ

ಇವೆರಡರಲ್ಲಿ ಒಂದಕ್ಕೆ "ಇಲ್ಲ" ಅಂತ ಉತ್ತರ ಬಂದರೂ ಆ ಊರನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ಆಸ್ಪತ್ರೆ. ಹತ್ತಿರದಲ್ಲಿ ಆಸ್ಪತ್ರೆ ಇದೆಯೇ ಅಂತ ಕೇಳಬೇಡಿ. ಇದೆ ಅಂತಲೇ ಎಲ್ಲರೂ ಹೇಳುತ್ತಾರೆ. ಹೀಗೆ ಕೇಳಿ: ರಾತ್ರಿ ಎರಡು ಗಂಟೆಗೆ ಸಿಟಿ ಸ್ಕ್ಯಾನ್ ಮಾಡುವ, ಹೃದಯದ ರಕ್ತನಾಳ ತೆರೆಯುವ ಆಸ್ಪತ್ರೆ ಎಲ್ಲಿದೆ? ಅಲ್ಲಿಗೆ ಮಳೆಯಲ್ಲಿ, ಕತ್ತಲಲ್ಲಿ ಎಷ್ಟು ಹೊತ್ತು ಬೇಕು? ಮೆದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಆದವರಿಗೆ ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಆ ನಾಲ್ಕೂವರೆಯಲ್ಲಿ ಯಾರೋ ಗಮನಿಸುವ ಹೊತ್ತು, ವಾಹನ ಬರುವ ಹೊತ್ತು, ದಾರಿಯ ಹೊತ್ತು ಎಲ್ಲ ಸೇರಿದೆ. ಹೃದಯಾಘಾತದಲ್ಲಿ ಒಂದೊಂದು ನಿಮಿಷವೂ ಲೆಕ್ಕ.

ನಕ್ಷೆ ತೋರಿಸುವ ಸಮಯವನ್ನು ನಂಬಬೇಡಿ. ಊರಿಗೆ ಹೋದಾಗ ಆ ದಾರಿಯಲ್ಲಿ ಒಮ್ಮೆ ರಾತ್ರಿ ನೀವೇ ಗಾಡಿ ಓಡಿಸಿ. ಸೇತುವೆ ಇದೆಯೇ, ಅದರ ಮೇಲೆ ನೀರು ಬರುತ್ತದೆಯೇ, ರೈಲ್ವೆ ಗೇಟು ಇದೆಯೇ ನೋಡಿ. ಬೇರೆ ದಾರಿ ಇಲ್ಲದ ಒಂದೇ ಸೇತುವೆಯ ಊರಾದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ.

ಮನೆಯವರು ದಿನಾ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಹಿಡಿದು ಅಲ್ಲಿನ ಔಷಧಿ ಅಂಗಡಿಗೆ ಹೋಗಿ. ಎಷ್ಟು ಇವತ್ತೇ ಸಿಗುತ್ತದೆ, ಎಷ್ಟಕ್ಕೆ "ತರಿಸಿಕೊಡ್ತೀವಿ" ಅನ್ನುತ್ತಾರೆ ಗುರುತು ಮಾಡಿ. ಆಸ್ತಮಾ, ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಲಿ. ತೇವ ಜಾಸ್ತಿ ಇರುವ ಮನೆಯಲ್ಲಿ ಬೂಷ್ಟು ಮತ್ತು ಧೂಳಿನ ನುಸಿ ಬೆಳೆಯುತ್ತವೆ. ಕಡಲ ಗಾಳಿ ಶ್ವಾಸಕ್ಕೆ ಒಳ್ಳೆಯದು ಅಂತ ಕೇಳಿರುತ್ತೀರಿ, ಅಲ್ವಾ? ಹೊರಗೆ ನಡೆದಾಡುವಾಗ ಇರಬಹುದು. ಬೂಷ್ಟು ಹಿಡಿದ ಮಲಗುವ ಕೋಣೆಯಲ್ಲಿ ಅದಕ್ಕೆ ಅರ್ಥವಿಲ್ಲ.

ಆದಾಯ. ಮನೆಯಿಂದ ಕೆಲಸ ಮಾಡುವವರು ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಮ್ಯಾನೇಜರ್ ಬಾಯಲ್ಲಿ ಹೇಳಿದ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನ ಮುಗಿಯುತ್ತದೆ. ಇಂಟರ್ನೆಟ್ ಪರೀಕ್ಷಿಸುವಾಗ ಡೌನ್‌ಲೋಡ್ ವೇಗ ಒಂದನ್ನೇ ನೋಡಿ ಖುಷಿಪಡಬೇಡಿ. ವಿಡಿಯೋ ಕರೆ ಒದ್ದಾಡುವುದು ಅಪ್‌ಲೋಡ್ ಕಡಿಮೆ ಇದ್ದಾಗ. ಸ್ಪಷ್ಟ ವಿಡಿಯೋಗೆ ಅಪ್‌ಲೋಡ್ ಸದಾ 4 ಎಂಬಿಪಿಎಸ್‌ಗಿಂತ ಮೇಲಿರಲಿ. ಬೆಳಿಗ್ಗೆ ಹತ್ತು, ಸಂಜೆ ಏಳು, ಗಾಳಿಮಳೆಯ ದಿನ, ಮೂರು ಹೊತ್ತೂ ಅಳೆಯಿರಿ.

ಅಲ್ಲೇ ಏನಾದರೂ ವ್ಯಾಪಾರ ಮಾಡುತ್ತೇವೆ ಅನ್ನುವವರಿಗೆ ಒಂದು ಮಾತು. ಪ್ರವಾಸಿಗರು ಬರುವ ತಿಂಗಳ ಗಿರಾಕಿಯನ್ನು ನೋಡಿ ಇಡೀ ವರ್ಷದ ಲೆಕ್ಕ ಹಾಕಬೇಡಿ. ಆಫ್ ಸೀಸನ್ನಿನಲ್ಲಿ ಬಾಗಿಲು ಹಾಕುವ ಅಂಗಡಿಗಳು ಎಷ್ಟು ಅಂತ ಹೋಗಿ ಎಣಿಸಿ. ನಿಮ್ಮ ಅಂಗಡಿ ಅವುಗಳಿಗಿಂತ ಹೇಗೆ ಬೇರೆ ಅಂತ ಹೇಳಲು ಆಗದಿದ್ದರೆ ಆ ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಕ್ಕಳಿದ್ದರೆ ಶಾಲೆಯೂ ಇದೇ ಹಂತಕ್ಕೆ ಸೇರುತ್ತದೆ. ಈಗಿನ ತರಗತಿಯದ್ದಷ್ಟೇ ಅಲ್ಲ, ನಾಲ್ಕು ವರ್ಷದ ನಂತರದ್ದನ್ನೂ ಕೇಳಿ.

## ಹಂತ 3: ಎರಡು ಕಾಲಂ ಲೆಕ್ಕ

ಸಣ್ಣ ಊರು ಅಂದರೆ ಅಗ್ಗ ಅನ್ನುವುದು ಅರ್ಧ ನಿಜ. ಎಡಗಡೆ ಕಡಿಮೆಯಾಗುವ ಖರ್ಚು ಬರೆಯಿರಿ: ಬಾಡಿಗೆ, ದಿನದ ಓಡಾಟ, ಹೊರಗಿನ ಸುತ್ತಾಟ. ಬಲಗಡೆ ಜಾಸ್ತಿಯಾಗುವುದು: ಬಣ್ಣ ಮತ್ತು ರಿಪೇರಿ, ಬೇಗ ಹಾಳಾಗುವ ಫ್ರಿಜ್, ವಾಷಿಂಗ್ ಮೆಷಿನ್, ತೇವ ತೆಗೆಯಲು ವಿದ್ಯುತ್, ಬ್ಯಾಟರಿ ಅಥವಾ ಜನರೇಟರ್, ದೊಡ್ಡ ಊರಿಗೆ ಮತ್ತೆ ಮತ್ತೆ ಹೋಗಿ ಬರುವುದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮದುವೆ, ಸಾವು, ದಾಖಲೆ, ತಜ್ಞ ವೈದ್ಯರು ಅಂತ ವರ್ಷಕ್ಕೆ ಎಷ್ಟು ಸಲ ಹೋಗಬೇಕಾಗುತ್ತದೆ, ಕಳೆದ ವರ್ಷದ ಕ್ಯಾಲೆಂಡರ್ ನೋಡಿ ಎಣಿಸಿ.

ಮನೆ ವಿಮೆಯ ಬಗ್ಗೆ ಕೇಳುವಾಗ ಪ್ರವಾಹ, ಬಿರುಗಾಳಿ, ಕಡಲ್ಕೊರೆತ ಮೂರನ್ನೂ ಹೆಸರು ಹಿಡಿದು ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಇವೆಲ್ಲ ತಾನಾಗಿ ಸೇರಿರುತ್ತವೆ ಅಂದುಕೊಂಡರೆ ಮೋಸ ಹೋಗುತ್ತೀರಿ.

ಇನ್ನೊಂದು ಮೊತ್ತ ಬೇರೆಯಾಗಿ ತೆಗೆದಿಡಿ: ವಾಪಸು ಬರುವ ಹಣ. ಸಾಮಾನು ಸಾಗಿಸುವುದು, ಹಳೇ ಊರಲ್ಲಿ ಹೊಸ ಮನೆಯ ಮುಂಗಡ, ಮೂರು ತಿಂಗಳ ಖರ್ಚು. ಈ ಹಣ ಇಲ್ಲದೆ ಹೋದವರಿಗೆ ಊರು ಒಗ್ಗದಿದ್ದರೂ ಹೊರಡಲು ಆಗುವುದಿಲ್ಲ.

## ಹಂತ 4: ಕೆಟ್ಟ ಕಾಲದಲ್ಲಿ ಹೋಗಿ ಇರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಪ್ರತಿ ಕಡಲೂರಿಗೂ ಒಂದು ಕೆಟ್ಟ ಕಾಲ ಇರುತ್ತದೆ. ಕೆಲವೆಡೆ ಎಡೆಬಿಡದ ಮಳೆ, ಕೆಲವೆಡೆ ಚಳಿಗಾಳಿ ಮತ್ತು ಮಂಜು, ಕೆಲವೆಡೆ ಮೈಗೆ ಅಂಟುವ ಸೆಕೆ. ನೀವು ನೋಡಿ ಮೆಚ್ಚಿದ್ದು ಬಹುಶಃ ಒಳ್ಳೆಯ ಕಾಲದಲ್ಲಿ, ರಜೆಯಲ್ಲಿ. ಈಗ ಕೆಟ್ಟ ಕಾಲದಲ್ಲಿ ಕನಿಷ್ಠ ಮೂರು ವಾರ ಹೋಗಿ. ಒಂದು ವಾರ ಸಾಲದು, ಮೊದಲ ವಾರ ಹೊಸತನದಲ್ಲೇ ಕಳೆದುಹೋಗುತ್ತದೆ. ಬೇಸರ ಬರುವುದು ಎರಡನೇ ವಾರದ ಕೊನೆಗೆ. ನಿಮಗೆ ನೋಡಬೇಕಾಗಿರುವುದು ಆ ಬೇಸರವನ್ನೇ.

1. ಹೋಟೆಲ್ ಬೇಡ. ಅಡುಗೆಮನೆ ಇರುವ ಸಾಧಾರಣ ಮನೆ ಹಿಡಿಯಿರಿ. ಹೋಟೆಲಿನಲ್ಲಿ ತೇವ, ನೀರು, ಕರೆಂಟು ಎಲ್ಲವನ್ನೂ ಬೇರೆಯವರು ನೋಡಿಕೊಳ್ಳುತ್ತಾರೆ.

2. ರಜೆ ಹಾಕಬೇಡಿ. ಎಂದಿನ ಕೆಲಸ, ಎಂದಿನ ಹೊತ್ತು. ಬಟ್ಟೆ ನೀವೇ ಒಗೆದು ಒಣಹಾಕಿ. ಎಷ್ಟು ದಿನಕ್ಕೆ ಒಣಗುತ್ತದೆ ಬರೆದಿಡಿ.

3. ಒಂದು ಕೆಲಸ ಮಾಡಿಸಿ. ನಲ್ಲಿ ರಿಪೇರಿ, ಚಪ್ಪಲಿ ಹೊಲಿಸುವುದು, ಏನಾದರೂ ಸರಿ. "ನಾಳೆ ಬರ್ತೀನಿ" ಅಂದವರು ಎಷ್ಟನೇ ನಾಳೆಗೆ ಬಂದರು, ಅಷ್ಟು ದಿನ ನಿಮ್ಮ ಮನಸ್ಸು ಹೇಗಿತ್ತು ಗಮನಿಸಿ. ನಿಧಾನ ಅಂದರೆ ಇದೂ ಸೇರಿದೆ. ಸಂಜೆ ದಡದಲ್ಲಿ ಸಿಗುವ ನಿಧಾನವೂ ನಲ್ಲಿ ಸೋರುವಾಗ ಸಿಗುವ ನಿಧಾನವೂ ಒಂದೇ ಊರಿನವು.

4. ಪ್ರತಿ ರಾತ್ರಿ ಮೂರು ಸಾಲು ಬರೆಯಿರಿ: ಇವತ್ತು ಯಾರ ಜೊತೆ ಮಾತಾಡಿದೆ, ಏನು ಸಿಗಲಿಲ್ಲ, ಕಡಲಿನ ಹತ್ತಿರ ಹೋದೆನೇ.

ನನ್ನ ಎರಡನೇ ಪ್ರಯತ್ನದಲ್ಲಿ ಹೀಗೆ ಇಪ್ಪತ್ನಾಲ್ಕು ದಿನ ಇದ್ದೆ. ಹದಿಮೂರನೇ ದಿನ ಗಾಳಿಗೆ ಕರೆಂಟು ಹೋಯಿತು. ಮೊಬೈಲ್ ಟವರೂ ಸಂಜೆಯೊಳಗೆ ಸುಮ್ಮನಾಯಿತು. ಬರೀ ಗಾಳಿ, ಅದರ ಹಿಂದೆ ಅಲೆಯ ಒಂದೇ ಸಮನೆಯ ಮೊರೆತ. ರಜೆಯಲ್ಲಿ ಜೋಗುಳದ ಹಾಗಿದ್ದ ಸದ್ದು ಆ ರಾತ್ರಿ ನಿದ್ದೆ ಕೊಡಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯವರು ಬಂದು ಚಾರ್ಜ್ ಆದ ಟಾರ್ಚ್ ಕೊಟ್ಟು, ನೀರು ಹಿಡಿದಿಟ್ಟಿದ್ದೀರಾ ಅಂತ ಕೇಳಿದರು. ಹಿಡಿದಿಟ್ಟಿರಲಿಲ್ಲ. ಪಂಪಿಗೆ ಕರೆಂಟು ಬೇಕು ಅಂತ ನನಗೆ ಹೊಳೆದಿರಲೇ ಇಲ್ಲ. ಅವರು ಎರಡು ಬಕೆಟ್ ತಂದಿಟ್ಟರು. ಆ ಊರಿನ ಬಗ್ಗೆ ನನಗೆ ಬೇಕಾಗಿದ್ದ ಎರಡು ಮುಖ್ಯ ವಿಷಯ, ಕಷ್ಟ ಎಷ್ಟು ಮತ್ತು ನೆರೆಹೊರೆ ಹೇಗೆ, ಆ ಒಂದೇ ದಿನ ತಿಳಿದವು.

ಆಮೇಲೆ ಸೀಸನ್ ಜೋರಾಗಿರುವ ಒಂದು ವಾರಾಂತ್ಯವೂ ಹೋಗಿ ಬನ್ನಿ. ಶಾಂತ ಊರಿನ ರಸ್ತೆಯಲ್ಲಿ ಆಗ ಗಾಡಿ ನಿಲ್ಲಿಸಲು ಜಾಗ ಇರುತ್ತದೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ ಮೈಕು ಕೂಗುತ್ತದೆ ನೋಡಿ. ಬಾಡಿಗೆಗೆ ಇರುವವರು ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಸೀಸನ್ನಿನಲ್ಲಿ ಮನೆ ಖಾಲಿ ಮಾಡಿ ಅನ್ನುತ್ತೀರಾ? ಪ್ರವಾಸಿಗರಿಂದ ದಿನದ ಬಾಡಿಗೆ ಜಾಸ್ತಿ ಸಿಗುವ ಊರಲ್ಲಿ ಹೀಗೆ ಆಗುವುದುಂಟು.

ಎಚ್ಚರಿಕೆಯ ಗುರುತು: ಡೈರಿಯಲ್ಲಿ ಎರಡನೇ ವಾರದಿಂದ "ಕಡಲಿಗೆ ಹೋಗಲಿಲ್ಲ" ಅಂತಲೇ ಸಾಲು ಸಾಲು ಇದ್ದರೆ ಯೋಚಿಸಿ. ಯಾವುದಕ್ಕಾಗಿ ಬಂದಿರೋ ಅದೇ ಬೇಡವಾಗಿದೆ.

## ಹಂತ 5: ಉಪ್ಪು, ತೇವ, ನೀರು

ಕಡಲೂರಿನ ಮನೆಯನ್ನು ಕಣ್ಣಿನಿಂದ ನೋಡಿದರೆ ಸಾಲದು. ಮುಟ್ಟಿ, ತಟ್ಟಿ, ಮೂಸಿ ನೋಡಬೇಕು.

ಮೊಳೆ ಪರೀಕ್ಷೆ. ದಡದ ಪಕ್ಕ, ದಡದಿಂದ ಮುನ್ನೂರು ಮೀಟರ್ ದೂರದಲ್ಲಿ, ಎರಡು ಕಿಲೋಮೀಟರ್ ದೂರದಲ್ಲಿ, ಹೀಗೆ ಮೂರು ಕಡೆ ಒಂದೊಂದು ಕಬ್ಬಿಣದ ಮೊಳೆಯನ್ನು ಗಾಳಿ ತಾಗುವ, ಮಳೆ ಬೀಳದ ಜಾಗದಲ್ಲಿ ಇಡಿ. ಮೂರು ವಾರ ಇರುತ್ತೀರಲ್ಲ, ಕೊನೆಗೆ ಮೂರನ್ನೂ ಅಂಗೈಯಲ್ಲಿಟ್ಟು ನೋಡಿ. ಅಲೆ ಒಡೆದಾಗ ಹಾರುವ ಹನಿಗಳ ಉಪ್ಪು ಗಾಳಿಯಲ್ಲಿ ಬಂದು ಕೂರುತ್ತದೆ, ದಡದಿಂದ ದೂರ ಹೋದ ಹಾಗೆ ಬೇಗ ಕಡಿಮೆಯಾಗುತ್ತದೆ. ಸ್ವಲ್ಪ ಒಳಗಿನ ಮನೆಯಲ್ಲಿ ಎಷ್ಟು ಸಾಮಾನು ಉಳಿಯುತ್ತದೆ ಅಂತ ಆ ಮೊಳೆಗಳೇ ಹೇಳುತ್ತವೆ. ಕಡಲು ಕಾಣುವ ಮನೆಯೇ ಬೇಕು ಅನ್ನುವ ಹಟ ಇದನ್ನು ನೋಡಿದ ಮೇಲೆ ನನ್ನಲ್ಲಿ ಉಳಿಯಲಿಲ್ಲ.

ಕಾಂಕ್ರೀಟು. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಒಳಗಿನಿಂದಲೇ ತಳ್ಳಿ ಸಿಮೆಂಟು ಸಿಡಿಸುತ್ತದೆ. ಬಾಲ್ಕನಿಯ ತಳ, ಮೆಟ್ಟಿಲ ಕೆಳಗಡೆ, ಕಿಟಕಿಯ ಮೇಲಿನ ಸಜ್ಜಾದ ಅಂಚು ನೋಡಿ. ಕಂಬಿಯ ಉದ್ದಕ್ಕೆ ಗೆರೆ ಬಿರುಕು, ಕಂದು ಕಲೆ, ತಟ್ಟಿದರೆ ಟೊಳ್ಳು ಸದ್ದು ಇದ್ದರೆ ಇಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ. ಇಡೀ ಮನೆ ಹಳೆಯದಿದ್ದು ಗ್ರಿಲ್ಲಿಗೆ ಮಾತ್ರ ಹೊಸ ಬಣ್ಣ ಇದ್ದರೆ, ಹೆಬ್ಬೆರಳಿನಿಂದ ಒತ್ತಿ ನೋಡಿ. ಒಮ್ಮೆ ನಾನು ಒತ್ತಿದಾಗ ಬಣ್ಣ ಬಿಸ್ಕತ್ತಿನ ಹಾಗೆ ಮುರಿದು ಒಳಗಿಂದ ಕೆಂಪು ಪುಡಿ ಉದುರಿತು.

ಕೀಲು, ಸ್ಕ್ರೂ ಹೊಸದಾಗಿ ಹಾಕಿಸುವಾಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಸಾಮಾನ್ಯ 304ಕ್ಕಿಂತ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ತೇವ. ಹೈಗ್ರೋಮೀಟರನ್ನು ನಡುಮನೆಯಲ್ಲಿ ಇಡಬೇಡಿ. ಬಟ್ಟೆಯ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿ, ಬೆಳಿಗ್ಗೆ ನೋಡಿ. ಶೇ. 60 ದಾಟಿ ದಿನಗಟ್ಟಲೆ ಇದ್ದರೆ ಬೂಷ್ಟಿಗೆ ಅನುಕೂಲ. ಪುಸ್ತಕ, ಕ್ಯಾಮೆರಾ ಲೆನ್ಸ್, ಚರ್ಮದ ಸಾಮಾನು, ಸಂಗೀತದ ವಾದ್ಯ ಇರುವವರು ತೇವ ತೆಗೆಯುವ ಯಂತ್ರದ ಖರ್ಚನ್ನು ಹಂತ 3ರ ಬಲಗಡೆ ಸೇರಿಸಿ. ಕೋಣೆಗೆ ಎದುರುಬದುರು ಕಿಟಕಿ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಕಡಿಮೆ.

ನೀರು. ಬಾವಿ ಅಥವಾ ಬೋರ್‌ವೆಲ್ ನೀರನ್ನು ಒಣ ಕಾಲದ ಕೊನೆಯಲ್ಲಿ ಪರೀಕ್ಷಿಸಿ. ಮಳೆ ಮುಗಿದ ಕೂಡಲೇ ನೋಡಿದರೆ ಎಲ್ಲ ಬಾವಿಯೂ ಸಿಹಿಯೇ. ದಡದ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸ್ಥೂಲ ಲೆಕ್ಕದಲ್ಲಿ, ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ 40 ಮೀಟರ್‌ವರೆಗೆ ಸಿಹಿನೀರು ಇರುತ್ತದೆ. ಈ ಲೆಕ್ಕ ತಿರುಗಿಸಿದರೆ ಹೆದರಿಕೆ ಆಗುತ್ತದೆ: ಸುತ್ತಲಿನ ಪಂಪುಗಳು ಎಳೆದೆಳೆದು ಮಟ್ಟವನ್ನು ಸ್ವಲ್ಪ ಇಳಿಸಿದರೂ ಕೆಳಗಿನ ಉಪ್ಪು ಬಹಳ ಮೇಲೆ ಬರುತ್ತದೆ. ಪಕ್ಕದಲ್ಲಿ ದೊಡ್ಡ ರೆಸಾರ್ಟ್ ಕಟ್ಟುತ್ತಿದ್ದರೆ ಅವರ ನೀರು ಎಲ್ಲಿಂದ ಅಂತ ವಿಚಾರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ 600 ಮಿಲಿಗ್ರಾಂಗಿಂತ ಕಡಿಮೆ ಲವಣ ಇರುವ ನೀರು ಕುಡಿಯಲು ರುಚಿ, 1000 ದಾಟಿದರೆ ಬಾಯಿಗೆ ಒಗ್ಗುವುದಿಲ್ಲ. ಟಿಡಿಎಸ್ ಮೀಟರ್ ರೋಗಾಣುಗಳನ್ನು ತೋರಿಸುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

## ಹಂತ 6: ಕಡಲು ಎಲ್ಲಿಯವರೆಗೆ ಬರುತ್ತದೆ

ಹೆಚ್ಚಿನ ದಡಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಎತ್ತರವಾಗಿರುತ್ತದೆ. ವೇಳಾಪಟ್ಟಿ ನೋಡಿ, ತಿಂಗಳ ಅತಿ ಎತ್ತರದ ಉಬ್ಬರದ ಹೊತ್ತಿಗೆ ಮನೆಯಿಂದ ದಡದವರೆಗೆ ನಡೆದು ಹೋಗಿ. ನೀರು ಬಂದು ನಿಂತ ಗೆರೆಯಿಂದ ಮನೆಗೆ ಹೆಜ್ಜೆ ಎಣಿಸಿ. ಆ ಎತ್ತರದ ಉಬ್ಬರದ ಹೊತ್ತಿಗೇ ಚಂಡಮಾರುತ ನೀರನ್ನು ಒಳಗೆ ತಳ್ಳಿದರೆ ಎಷ್ಟು ಎತ್ತರದವರೆಗೆ ಮುಳುಗುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ. ಅಳಿವೆಯ ಪಕ್ಕದ ಜಾಗಗಳಲ್ಲಿ ನದಿಯ ನೆರೆ ಮತ್ತು ಉಬ್ಬರ ಒಟ್ಟಿಗೇ ಬರಬಹುದು.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2021ರ ವರದಿಯಂತೆ 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಕಡಲ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಕೊನೆಯ ಹನ್ನೆರಡು ವರ್ಷ, 2006ರಿಂದ 2018, ವರ್ಷಕ್ಕೆ 3.7 ಮಿಲಿಮೀಟರಿನಂತೆ. ಬಾಡಿಗೆಗೆ ಹೋಗುವವರಿಗೆ ಇದು ದೊಡ್ಡ ವಿಷಯ ಅಲ್ಲ. ಮೂವತ್ತು ವರ್ಷ ಇರಲು, ಮಕ್ಕಳಿಗೆ ಬಿಟ್ಟುಹೋಗಲು ಕೊಳ್ಳುವವರಿಗೆ ಹೌದು.

ಊರಿನ ಹಿರಿಯರಲ್ಲಿ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ: ನಿಮ್ಮ ಚಿಕ್ಕಂದಿನಲ್ಲಿ ದಡ ಎಲ್ಲಿತ್ತು? ನೀರು ಎಲ್ಲಿಯವರೆಗೆ ಬಂದದ್ದು ನೋಡಿದ್ದೀರಿ? ಮೂವರೂ ಒಂದೇ ಮರ, ಒಂದೇ ಗೋಡೆ ತೋರಿಸಿದರೆ ಅದನ್ನು ನಂಬಿ. ದಡದಲ್ಲಿ ಬೇರು ಬಿಟ್ಟುಕೊಂಡು ವಾಲಿದ ಮರ, ಹೊಸದಾಗಿ ಸುರಿದ ಬಂಡೆಗಳ ಸಾಲು, ಅರ್ಧಕ್ಕೆ ತುಂಡಾದ ರಸ್ತೆ ಕಂಡರೆ ಅಲ್ಲಿ ಕಡಲ್ಕೊರೆತ ನಡೆಯುತ್ತಿದೆ.

ತೀರದಿಂದ ಇಂತಿಷ್ಟು ದೂರದೊಳಗೆ ಕಟ್ಟುವಂತಿಲ್ಲ ಅನ್ನುವ ಕಾನೂನು ಹಲವು ದೇಶಗಳಲ್ಲಿದೆ. ಮನೆ ಆ ಗೆರೆಯ ಯಾವ ಕಡೆ ಇದೆ ಅಂತ ದಾಖಲೆಯಲ್ಲೇ ನೋಡಿ, ಬ್ರೋಕರ್ ಮಾತಿನಲ್ಲಿ ಅಲ್ಲ. ಎತ್ತರದ ಜಾಗಕ್ಕೆ ಓಡುವ ದಾರಿಯನ್ನು ಮನೆಯವರೆಲ್ಲ ಒಮ್ಮೆ ನಡೆದು ನೋಡಿಡಲಿ. ಬಲವಾದ ಅಥವಾ ಬಹಳ ಹೊತ್ತು ನಡೆದ ಭೂಕಂಪ ಆದರೆ, ಇಲ್ಲವೇ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಂಡರೆ, ಅದು ಸುನಾಮಿಯ ಸೂಚನೆ. ಸೈರನ್‌ಗೆ ಕಾಯದೆ ಎತ್ತರಕ್ಕೆ ಹೋಗಬೇಕು. ಮಕ್ಕಳಿಗೂ ಇದನ್ನು ಹೇಳಿಕೊಡಿ.

## ಹಂತ 7: ಜನ

ಕಡಲು, ಮನೆ, ನೀರು ಎಲ್ಲ ಸರಿಯಾಗಿ ಇದ್ದೂ ವಾಪಸು ಬಂದವರು ಹೇಳುವ ಕಾರಣ ಒಂಟಿತನ. ಇದು ಮೊದಲೇ ಲೆಕ್ಕ ಹಾಕಬಹುದಾದ ವಿಷಯ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊರು ಬದಲಿಸಿದವರನ್ನೂ ಕೇಳಿ ನೋಡಿದಾಗ, ಪರಿಚಯ ಮಾಮೂಲಿ ಗೆಳೆತನ ಆಗಲು ಸುಮಾರು 50 ಗಂಟೆ, ಗಟ್ಟಿ ಸ್ನೇಹ ಆಗಲು 200 ಗಂಟೆಗೂ ಮೇಲೆ ಜೊತೆಯಲ್ಲಿ ಕಳೆಯಬೇಕಾಗಿತ್ತು. ವಾರಕ್ಕೆ ಎರಡು ಗಂಟೆ ಸಿಕ್ಕರೆ 200 ಗಂಟೆಗೆ ಸುಮಾರು ಎರಡು ವರ್ಷ ಬೇಕು.

ಹಾಗಾಗಿ "ಜನ ಒಳ್ಳೆಯವರೇ" ಅನ್ನುವುದಕ್ಕಿಂತ, ವಾರವಾರ ಅದೇ ಜನರನ್ನು ಕಾಣುವ ಜಾಗ ಇದೆಯೇ ನೋಡಿ. ಗ್ರಂಥಾಲಯ, ಆಟದ ಬಯಲು, ಹಾಡಿನ ತರಗತಿ, ಬೆಳಗಿನ ನಡಿಗೆಯ ಗುಂಪು, ಯಾವುದಾದರೂ ಸರಿ. ಮೂರು ವಾರದ ವಾಸದಲ್ಲೇ ಒಂದಕ್ಕೆ ಸೇರಿ ನೋಡಿ. ಊರಿನ ಭಾಷೆ ಬೇರೆಯಾದರೆ ಅಂಗಡಿಯ ಮಾತಿನಷ್ಟಾದರೂ ಕಲಿತು ಹೋಗಿ.

ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ನಿಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಅನ್ನುವುದೂ ಸೇರಿ. ಕೆಲವರಿಗೆ ಅದು ಆಸರೆ, ಕೆಲವರಿಗೆ ಉಸಿರು ಕಟ್ಟಿದ ಹಾಗೆ. ನೀವು ಯಾವ ಗುಂಪು ಅಂತ ನಿಮಗೆ ಗೊತ್ತಿರಬೇಕು.

ಜೋಡಿಯಾಗಿ ಹೋಗುವವರು ಹಂತ 1ರ ಎರಡು ಹಾಳೆಗಳನ್ನು ಈಗ ಪಕ್ಕಪಕ್ಕ ಇಟ್ಟು ಓದಿ. ಒಬ್ಬರ ಮಂಗಳವಾರ ತುಂಬಿದ್ದು ಇನ್ನೊಬ್ಬರ ಹಾಳೆಯಲ್ಲಿ ಮಧ್ಯಾಹ್ನ ಖಾಲಿ ಇದ್ದರೆ, ಆ ಖಾಲಿ ಜಾಗದ ಬಗ್ಗೆ ಮಾತಾಡದೆ ಮುಂದೆ ಹೋಗಬೇಡಿ. "ನಿನ್ನ ಖುಷಿಗೆ ಬರ್ತೀನಿ" ಅನ್ನುವ ಒಪ್ಪಿಗೆ ಮೊದಲ ಕೆಟ್ಟ ಕಾಲದಲ್ಲೇ ಸವೆಯುತ್ತದೆ.

## ಹಂತ 8: ಒಂದು ವರ್ಷ ಬಾಡಿಗೆ, ಕೈಯಲ್ಲಿ ತಾರೀಕು

ಇಲ್ಲಿಯವರೆಗೆ ಎಲ್ಲ ದಾಟಿ ಬಂದಿದ್ದರೆ ಹೋಗಿ. ಆದರೆ ಬಾಡಿಗೆಗೆ. ಹಳೇ ಮನೆ ಮಾರಬೇಡಿ, ಆದರೆ ಬಾಡಿಗೆಗೆ ಕೊಡಿ. ಹಳೆಯ ವೈದ್ಯರ ಕಡತ, ಹಳೇ ವಿಮೆ ಮುಂದುವರಿಸಿ. ದೊಡ್ಡ ಸಾಮಾನು ಅರ್ಧ ಮಾತ್ರ ಒಯ್ಯಿರಿ.

ಹೊರಡುವ ಮೊದಲೇ ಒಂದು ತಾರೀಕು ಗೊತ್ತುಮಾಡಿ, ಹೋದ ದಿನದಿಂದ ಹನ್ನೆರಡನೇ ತಿಂಗಳು. ಆ ದಿನ ಯಾವ ಪ್ರಶ್ನೆಗಳಿಗೆ ಉತ್ತರ ನೋಡಬೇಕು ಅಂತ ಈಗಲೇ ಬರೆದು ಲಕೋಟೆಯಲ್ಲಿ ಹಾಕಿಡಿ. ಕೆಟ್ಟ ದಿನವೊಂದರಲ್ಲಿ ತೆಗೆದುಕೊಳ್ಳುವ ತೀರ್ಮಾನ ಕೆಟ್ಟದಾಗಿರುತ್ತದೆ, ಒಳ್ಳೆಯ ಸಂಜೆಯಲ್ಲಿ ತೆಗೆದುಕೊಂಡದ್ದೂ ಅಷ್ಟೇ. ನಾನು ಬರೆದಿಟ್ಟಿದ್ದ ಪ್ರಶ್ನೆಗಳು ನಾಲ್ಕು: ಖರ್ಚು ಲೆಕ್ಕದೊಳಗೆ ಇದೆಯೇ? ರಾತ್ರಿ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಬಹುದಾದ ಇಬ್ಬರು ಊರಲ್ಲಿ ಇದ್ದಾರೆಯೇ? ಅಮ್ಮನ ಆರೋಗ್ಯ ಹೇಗಿದೆ? ಕೆಟ್ಟ ಕಾಲ ಮತ್ತೆ ಬರುತ್ತಿದೆ ಅಂದಾಗ ಮನಸ್ಸು ಏನನ್ನುತ್ತದೆ?

ಉತ್ತರಗಳಿಗೆ ಅಂಕ ಹಾಕಿ ಕೂಡಿಸಬೇಡಿ. ಆಸ್ಪತ್ರೆ ಇಲ್ಲದ್ದನ್ನು ಸೂರ್ಯಾಸ್ತದ ಅಂಕ ತುಂಬಿಕೊಡುವುದಿಲ್ಲ. ಹಂತ 2ರಲ್ಲಿ ಅಥವಾ ಹಂತ 6ರಲ್ಲಿ ಒಂದು "ಇಲ್ಲ" ಬಂದರೆ ಬೇರೆ ಊರು ನೋಡಿ. ಉಳಿದ ಹಂತಗಳಲ್ಲಿ ಬಂದ "ಇಲ್ಲ" ಸರಿಪಡಿಸಬಹುದಾದ್ದೇ, ಎಷ್ಟು ಖರ್ಚಿನಲ್ಲಿ ಅಂತ ನೋಡಿ.

ಹೌದು ಅನ್ನಿಸಿದರೆ ಈಗ ಮನೆ ಹುಡುಕಲು ಶುರು ಮಾಡಿ. ದಡದಿಂದ ಒಂದೆರಡು ಕಿಲೋಮೀಟರ್ ಒಳಗಿನ, ಎತ್ತರದ ಜಾಗದ ಮನೆಗಳನ್ನು ಮೊದಲು ನೋಡಿ, ಅಲ್ಲಿಂದ ಕಡಲ ಕಡೆಗೆ ಬನ್ನಿ. ಬೇಡ ಅನ್ನಿಸಿದರೆ, ಮೂರು ವಾರ ಇದ್ದ ಮನೆಯವರ ನಂಬರ್ ಇಟ್ಟುಕೊಳ್ಳಿ. ಆಫ್ ಸೀಸನ್ನಿನಲ್ಲಿ ವರ್ಷಕ್ಕೊಂದು ತಿಂಗಳು ಅದೇ ಮನೆ ಕಡಿಮೆ ಬಾಡಿಗೆಗೆ ಸಿಗಬಹುದು, ಒಂದು ಮಾತು ಈಗಲೇ ಕೇಳಿಡಿ.